ಮೊಳಕೆ ರಾಗಿ ಸರಿ ನನ್ನ ಕೈಲಿ ಗಟ್ಟಿ, ಅಮ್ಮನ ಕೈಲಿ ತೆಳ್ಳಗೆ. ಕಿಣ್ವ ಅಂತಾರಲ್ಲ, ಅದೇನದು?

ಮಲ್ಲೇಶ್ವರದ_ಮಗಳು · ಶುಕ್ರವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಪಾಪೂಗೆ ಎಂಟು ತಿಂಗಳು. ಅತ್ತೆ ಊರಿಂದ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿಸಿ ಹಿಟ್ಟು ಕಳಿಸ್ತಾರೆ. ಅದೇ ಹಿಟ್ಟು, ಅದೇ ಲೋಟದ ಅಳತೆ, ಅದೇ ಕಾವೇರಿ ನೀರು. ನಾನು ಸರಿ ಮಾಡಿದ್ರೆ ಚಮಚ ನೆಟ್ಟಗೆ ನಿಲ್ಲುತ್ತೆ, ಪಾಪು ಉಗಿಯುತ್ತೆ. ಅಮ್ಮ ಬಂದಾಗ ಮಾಡಿದ್ರೆ ಸೌಟಿಂದ ಸಲೀಸಾಗಿ ಇಳಿಯುತ್ತೆ, ಗಟಗಟ ಕುಡಿಯುತ್ತೆ.

ಮೂರು ದಿನ ಪಕ್ಕದಲ್ಲೇ ನಿಂತು ನೋಡಿದೆ. ಒಂದೇ ವ್ಯತ್ಯಾಸ. ನಾನು ನೀರು ಕುದಿಸಿ, ಅದಕ್ಕೆ ಕಲಸಿದ ಹಿಟ್ಟು ಸುರಿದು ಗೊಟಾಯಿಸ್ತೀನಿ. ಅಮ್ಮ ತಣ್ಣೀರಲ್ಲೇ ಹಿಟ್ಟು ಕದಡಿ, ಸಣ್ಣ ಉರಿ ಮೇಲಿಟ್ಟು ನಿಧಾನಕ್ಕೆ ಬಿಸಿ ಮಾಡ್ತಾರೆ. ಕೊನೆಗೆ ಇಬ್ಬರದೂ ಚೆನ್ನಾಗಿ ಕುದಿಯುತ್ತೆ. ಅಮ್ಮ "ಕೈಗುಣ" ಅಂತಾರೆ. ನಮ್ಮೆಜಮಾನ್ರು "ಎಂಜೈಮ್" ಅಂತ ಹೇಳಿ ಫೋನ್ ನೋಡ್ಕೊಂಡು ಕೂತ್ರು. ಬಿಡಿಸಿ ಹೇಳೋರು ಯಾರಾದ್ರೂ ಇದೀರಾ?

ಸುಮ್ನೆ_ಕೇಳ್ದೆ · 10:20

ಕೈಗುಣ. ಚರ್ಚೆ ಮುಗೀತು, ಎಲ್ಲರೂ ಮಲಗಿ.

ಬಸವನಗುಡಿ_ಮೇಷ್ಟ್ರು · 10:58

ಮಲಗುವ ಮೊದಲು ಇದೊಂದನ್ನು ಬರೆದುಬಿಡುತ್ತೇನೆ. ಮೂವತ್ತು ವರ್ಷ ಬಯೋಕೆಮಿಸ್ಟ್ರಿ ಪಾಠ ಮಾಡಿದವನು, ಇಂಥ ಪ್ರಶ್ನೆ ಕಂಡರೆ ಬಿಡಲಾಗುವುದಿಲ್ಲ.

ತಾಯಿ, ನಿಮ್ಮ ಯಜಮಾನರು ಹೇಳಿದ್ದು ಸರಿ. ನಿಮ್ಮ ಅಮ್ಮನ ಕೈಗೂ ಅದೇ ವಿಷಯ ಗೊತ್ತಿದೆ, ಹೆಸರು ಬೇರೆ ಅಷ್ಟೆ. ರಾಗಿ ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸಿ ಮೊಳಕೆಗೆ ಉಣಿಸಬೇಕು. ಅದಕ್ಕೆಂದು ಅಮೈಲೇಸ್ ಎಂಬ ಕಿಣ್ವವನ್ನು ಮಾಡಿಕೊಳ್ಳುತ್ತದೆ. ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಆ ಕಿಣ್ವ ಹಾಗೇ ಕೂತಿರುತ್ತದೆ. ಹಸಿ ಪಿಷ್ಟದ ಕಣ ಬಿಗಿಯಾದ ಗಂಟು, ಅದರೊಳಗೆ ಕಿಣ್ವಕ್ಕೆ ಸುಲಭದಲ್ಲಿ ದಾರಿ ಸಿಗುವುದಿಲ್ಲ. ನೀರು 65–70 ಡಿಗ್ರಿ ಆಗುವ ಹೊತ್ತಿಗೆ ಕಣಗಳು ಊದಿ ಬಾಯಿಬಿಡುತ್ತವೆ. ಸರಿ ಗಟ್ಟಿಯಾಗುವುದೂ ಅಲ್ಲೇ. ಅಮೈಲೇಸಿಗೆ ಹಬ್ಬವೂ ಅಲ್ಲೇ, ಉದ್ದುದ್ದ ಪಿಷ್ಟದ ಎಳೆಗಳನ್ನು ನಡುನಡುವೆ ಕತ್ತರಿಸಿ ಹಾಕುತ್ತದೆ, ಸರಿ ತೆಳುವಾಗುತ್ತದೆ. ಇನ್ನೂ ಹತ್ತು ಹದಿನೈದು ಡಿಗ್ರಿ ಏರಿದರೆ ಕಿಣ್ವವೇ ಕೆಡುತ್ತದೆ.

ಅಂದರೆ ಪಿಷ್ಟ ಬಾಯಿಬಿಡುವ ಬಿಸಿಗೂ ಕಿಣ್ವ ಸಾಯುವ ಬಿಸಿಗೂ ನಡುವೆ ಒಂದು ಸಣ್ಣ ಕಿಟಕಿ ಇದೆ. ನಿಮ್ಮ ಅಮ್ಮನ ಪಾತ್ರೆ ಆ ಕಿಟಕಿಯಲ್ಲಿ ಎಂಟು ಹತ್ತು ನಿಮಿಷ ನಿಲ್ಲುತ್ತದೆ. ನಿಮ್ಮದು ಕೆಲವೇ ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ಮಲ್ಲೇಶ್ವರದ_ಮಗಳು · 11:06

ಅಯ್ಯೋ ಇಷ್ಟೇನಾ ಸಾರ್! ಆದ್ರೆ "ಕಿಣ್ವ ಸಾಯುತ್ತೆ" ಅಂದ್ರೆ ಏನು? ಅದೇನು ಜೀವ ಇರೋ ವಸ್ತುವಾ?

ಬಸವನಗುಡಿ_ಮೇಷ್ಟ್ರು · 11:31

ಒಳ್ಳೆ ಕಡೆ ಹಿಡಿದಿರಿ. ಜೀವ ಇಲ್ಲ. ಕಿಣ್ವ ಒಂದು ಪ್ರೋಟೀನು. ಬಾರ್ಲಿಯ ಅಮೈಲೇಸನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ, ಅದನ್ನೇ ತೆಗೆದುಕೊಳ್ಳಿ. ಸುಮಾರು 400 ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸಿದ ಸರ. ಆ ಸರ ತಾನಾಗಿಯೇ ಮಡಚಿಕೊಂಡು ಪೀಪಾಯಿಯಂಥ ಆಕಾರ ತಾಳುತ್ತದೆ. ಪೀಪಾಯಿಯ ಬಾಯಲ್ಲಿ ಒಂದು ಸೀಳು, ಪಿಷ್ಟದ ಎಳೆ ಬಂದು ಕೂರುವುದು ಅಲ್ಲಿ. ಕತ್ತರಿಸುವ ಕೆಲಸ ಮಾಡುವುದು ಮೂರೇ ಮೂರು ಅಮೈನೋ ಆಮ್ಲಗಳು. ಸರದಲ್ಲಿ ಅವುಗಳ ಸ್ಥಾನ ಹೆಚ್ಚು ಕಡಿಮೆ 180, 205, 290. ಸರ ನೀಳವಾಗಿದ್ದರೆ ಒಂದಕ್ಕೊಂದು ಮುಖವೇ ಕಾಣದು. ಮಡಚಿಕೊಂಡಾಗ ಮೂರೂ ಒಂದೇ ಜಗಲಿಯ ಮೇಲೆ ಎದುರುಬದುರು ಕೂರುತ್ತವೆ.

ಬಿಸಿಯೇರಿದಾಗ ಸರ ತುಂಡಾಗುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಕಚ್ಚೆಪಂಚೆ ಉಟ್ಟವನಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಹೊಲಿಗೆ ಇಲ್ಲ, ಒಂದು ಗುಂಡಿ ಇಲ್ಲ, ಮಡಿಕೆಯ ಲೆಕ್ಕದ ಮೇಲೆ ನಿಂತಿರುತ್ತದೆ. ಸಡಿಲಿಸಿದರೆ ಒಂದು ನೂಲೂ ಹರಿದಿರುವುದಿಲ್ಲ, ಆದರೂ ಮಾನ ಉಳಿಯುವುದಿಲ್ಲ.

ಚಿಕ್ಕಪೇಟೆ_ಸೀರೆ · 11:35

ಮೇಷ್ಟ್ರ ಕ್ಲಾಸಲ್ಲಿ ಹುಡುಗರು ನಿದ್ದೆ ಮಾಡಿರೋದಕ್ಕೆ ಸಾಧ್ಯವೇ ಇಲ್ಲ.

ಕೋಲಾರದ_ಕಾಳು · ಶನಿವಾರ, ಬೆಳಿಗ್ಗೆ 6:40

ನಮ್ಮನೇಲಿ ಮೊಳಕೆ ಒಣಗಿದ ಮೇಲೆ ಬಾಣಲೇಲಿ ಹಾಕಿ ಬೆಚ್ಚಗೆ ಮಾಡ್ತೀವಿ ಸಾರ್. ಘಮ ಬರುತ್ತೆ, ಆಮೇಲೆ ಕೈಯಲ್ಲಿ ಉಜ್ಜಿ ಬೇರು ಉದುರಿಸಿ ಕೇರೋದು. ಬಾಣಲೆ ಬಿಸಿ 70 ಡಿಗ್ರಿಗಿಂತ ಜಾಸ್ತೀನೇ ಇರುತ್ತಲ್ಲ? ಆದ್ರೂ ನಮ್ಮ ಹಿಟ್ಟು ಸರಿಯನ್ನ ತೆಳ್ಳಗೆ ಮಾಡುತ್ತೆ. ನಿಮ್ಮ ಲೆಕ್ಕ ಇಲ್ಲಿ ಕೂರಲ್ಲ.

ಪಿಪೆಟ್_ಪುಟ್ಟ · 8:15

ಕೂರುತ್ತೆ ಅಣ್ಣ. ನೀರು ಇದ್ರೆ ಒಂದು ಲೆಕ್ಕ, ಇಲ್ದಿದ್ರೆ ಇನ್ನೊಂದು. ಪ್ರೋಟೀನ್ ಬಿಚ್ಚಿಕೊಳ್ಳಬೇಕಾದ್ರೆ ಅದರ ತುಂಡುಗಳು ಜರುಗಾಡಬೇಕು, ಜರುಗಾಡೋಕೆ ಸುತ್ತ ನೀರು ಬೇಕು. ಒಣಗಿದ ಕಾಳಲ್ಲಿ ಕಿಣ್ವ ಕೈಕಾಲು ಕಟ್ಟಿ ಕೂರಿಸಿದ ಹಾಗೆ ಇರುತ್ತೆ. ಬಿಚ್ಚಿಕೊಳ್ಳೋ ಮನಸ್ಸಿದ್ರೂ ಜಾಗ ಇಲ್ಲ. ಬಿಯರ್‌ಗೆ ಬಾರ್ಲಿ ಮಾಲ್ಟ್ ಮಾಡೋರು ಮೊದಲು ಕಡಿಮೆ ಬಿಸಿಯಲ್ಲಿ ತೇವ ತೆಗೆದು, ಆಮೇಲೆ ಸುಮಾರು 80 ಡಿಗ್ರಿ ಬಿಸಿಗಾಳಿ ಕೊಡ್ತಾರೆ, ಆದ್ರೂ ಕಿಣ್ವದ ಬಹುಪಾಲು ಉಳಿಯುತ್ತೆ. ಆದ್ರೆ ಒದ್ದೆ ಮೊಳಕೇನ ನೇರ ಬಾಣಲೆಗೆ ಹಾಕಿದ್ರೆ ಹೋಯ್ತು. ನಿಮ್ಮನೇಲಿ ಒಣಗಿದ ಮೇಲೆ ಮಾತ್ರ ಬೆಚ್ಚಗೆ ಮಾಡ್ತೀವಿ ಅಂದ್ರಲ್ಲ, ಗುಟ್ಟು ಅಲ್ಲೇ ಇದೆ. ತೀರಾ ಕಂದು ಬರೋ ತನಕ ಹುರಿದ್ರೆ ಘಮ ಸಿಗುತ್ತೆ, ಅಮೈಲೇಸ್ ಸಿಗಲ್ಲ.

(ನಾನು ಯಲಹಂಕದ ಕಡೆ ಒಂದು ಲ್ಯಾಬಲ್ಲಿ ಪಿಎಚ್‌ಡಿ. ವಿಷಯಾನೇ ಪ್ರೋಟೀನ್ ಸ್ಥಿರತೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸದ ಬಗ್ಗೆ ಯಾರೋ ತಾವಾಗೇ ಕೇಳಿದ್ದಾರೆ, ಸ್ವಲ್ಪ ಉದ್ದ ಬರೆದ್ರೆ ಕ್ಷಮಿಸಿ.)

ಸುಮ್ನೆ_ಕೇಳ್ದೆ · 9:02

ಸರಿ, ಈಗ ನಿಜವಾಗ್ಲೂ ಕೇಳ್ತಿದೀನಿ. ನಾನು ಸಾಫ್ಟ್‌ವೇರ್, ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟವನು. ಕೋಟ್ಯಂತರ ವರ್ಷ ವಿಕಾಸ ಆಯ್ತು ಅಂತೀರಾ, ಆದ್ರೆ 80 ಡಿಗ್ರಿಗೆ ಬಿಚ್ಚಿಕೊಳ್ಳೋ ಸರಕು ಮಾಡಿದೆ. ಇದು ಡಿಸೈನ್ ಬಗ್ ಅಲ್ವಾ? ಗಟ್ಟಿಮುಟ್ಟಾಗಿ ಮಾಡೋಕೇನು ತೊಂದ್ರೆ?

ಪಿಪೆಟ್_ಪುಟ್ಟ · 10:45

ಅಣ್ಣಾ, ನನ್ನ ಥೀಸಿಸ್‌ನ ಮೊದಲನೇ ಅಧ್ಯಾಯದ ಪ್ರಶ್ನೆ ಕೇಳ್ಬಿಟ್ರಿ.

ಮೊದಲು ಜಮಾ–ಖರ್ಚು ನೋಡೋಣ. ಸರವನ್ನ ಮಡಚಿ ಹಿಡಿಯೋದು ಯಾವುದು? ದೊಡ್ಡ ಪಾಲು ಎಣ್ಣೆ–ನೀರಿನ ಜಗಳ. ಅಮೈನೋ ಆಮ್ಲಗಳಲ್ಲಿ ಕೆಲವು ಎಣ್ಣೆ ಜಾತಿ, ನೀರು ಕಂಡ್ರೆ ಆಗಲ್ಲ. ಸಾರಿಗೆ ಹಾಕಿದ ಒಗ್ಗರಣೆ ಎಣ್ಣೆ ಹನಿಹನಿ ಸೇರಿ ದೊಡ್ಡ ಹನಿ ಆಗುತ್ತಲ್ಲ, ಹಾಗೆ ಇವೂ ಒಳಗೆ ಒತ್ತಿಕೊಂಡು ಕೂರ್ತವೆ. ನೀರಿಗೆ ಒಗ್ಗೋವು ಹೊರಗೆ. ಜೊತೆಗೆ ನೂರಾರು ಹೈಡ್ರೋಜನ್ ಬಂಧ, ಅಲ್ಲಲ್ಲಿ ಪ್ಲಸ್–ಮೈನಸ್ ಜೋಡಿ, ಕೆಲವು ಕಡೆ ಎರಡು ಗಂಧಕ ಸೇರಿ ಹಾಕಿದ ಗಟ್ಟಿ ಹೊಲಿಗೆ. ಇದೆಲ್ಲಾ ಜಮಾ. ಖರ್ಚು ಅಂದ್ರೆ ಸರದ ಸ್ವಾತಂತ್ರ್ಯ. ಬಿಚ್ಚಿದ ಸರ ಲೆಕ್ಕವಿಲ್ಲದಷ್ಟು ಭಂಗಿಗಳಲ್ಲಿ ಓಲಾಡಬಹುದು, ಮಡಚಿದ್ದಕ್ಕೆ ಹೆಚ್ಚು ಕಡಿಮೆ ಒಂದೇ ಭಂಗಿ. ಆ ಸ್ವಾತಂತ್ರ್ಯ ಬಿಟ್ಟುಕೊಡೋಕೆ ದೊಡ್ಡ ಬೆಲೆ ತೆರಬೇಕು.

ಎರಡೂ ಕಡೆ ಕೂಡಿ ಕಳೆದ್ರೆ ಕೈಯಲ್ಲಿ ಉಳಿಯೋದು ಸಾಮಾನ್ಯವಾಗಿ ಒಂದು ಮೋಲ್‌ಗೆ 5ರಿಂದ 15 ಕಿಲೋಕ್ಯಾಲರಿ. ಕೆಲವೇ ಹೈಡ್ರೋಜನ್ ಬಂಧಗಳಷ್ಟು ಬೆಲೆ. ಕೆ.ಆರ್. ಮಾರ್ಕೆಟ್ಟಲ್ಲಿ ದಿನಾ ಲಕ್ಷ ರೂಪಾಯಿ ವಹಿವಾಟು ಮಾಡಿ ಸಂಜೆ ಗಲ್ಲಾದಲ್ಲಿ ಇನ್ನೂರು ರೂಪಾಯಿ ಲಾಭ ನೋಡೋ ಅಂಗಡಿ ಅಂದ್ಕೊಳ್ಳಿ. ಅಂಗಡಿ ನಡೀತಾ ಇದೆ. ಆದ್ರೆ ಒಂದು ಬುಟ್ಟಿ ಹೂವು ಬಾಡಿದ್ರೆ ನಷ್ಟ. ಒಂದೇ ಒಂದು ಅಮೈನೋ ಆಮ್ಲ ಬದಲಾದ್ರೆ ಇಡೀ ಕಿಣ್ವ ಕುಸಿಯೋದು ಇದಕ್ಕೇ.

ಎರಡನೇದು. ಗಟ್ಟಿಯಾಗಿ ಮಾಡೋಕೆ ಆಗಲ್ಲ ಅಂತೇನಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ 1966ರಲ್ಲಿ ಕಂಡ ಥರ್ಮಸ್ ಅಕ್ವಾಟಿಕಸ್ ಅನ್ನೋ ಬ್ಯಾಕ್ಟೀರಿಯಾ ಇದೆ. ಅದರ ಡಿಎನ್‌ಎ ನಕಲು ಮಾಡೋ ಕಿಣ್ವವನ್ನ 95 ಡಿಗ್ರಿಯಲ್ಲಿ ಇಟ್ರೂ ಅರ್ಧ ಶಕ್ತಿ ಹೋಗೋಕೆ ಸುಮಾರು 40 ನಿಮಿಷ ಬೇಕು. ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಮಾಡಿಸಿದ್ವಲ್ಲ ಪಿಸಿಆರ್, ಅದು ದಿನನಿತ್ಯದ ಕೆಲಸ ಆಗಿದ್ದು ಈ ಕಿಣ್ವದಿಂದ. ತಮಾಷೆ ಏನಂದ್ರೆ ಅದು ಚುರುಕಾಗಿ ಕೆಲಸ ಮಾಡೋದು 70–75ರ ಆಸುಪಾಸಲ್ಲಿ. ನಮ್ಮ ಮೈ ಬಿಸಿ 37 ಡಿಗ್ರಿಗೆ ತಂದ್ರೆ ತೂಕಡಿಸುತ್ತೆ.

ಸುಮ್ನೆ_ಕೇಳ್ದೆ · 10:52

ಆಹಾ. ಅಂದ್ರೆ ಗಟ್ಟಿ ಆದ್ರೆ ಸೋಂಬೇರಿ, ಚುರುಕು ಆದ್ರೆ ಪುಸುಕ್. ಒಪ್ಪಿದೆ.

ಬಸವನಗುಡಿ_ಮೇಷ್ಟ್ರು · 11:40

ಅಷ್ಟು ಬೇಗ ಒಪ್ಪಬೇಡಿ. ಪಠ್ಯಪುಸ್ತಕದಲ್ಲಿ ಹೀಗೇ ಬರೆದಿರುತ್ತಾರೆ, ನಾನೂ ಎಷ್ಟೋ ವರ್ಷ ಹೀಗೇ ಹೇಳಿಕೊಟ್ಟೆ. ಅರ್ಧ ಸತ್ಯ ಅದು.

ಸತ್ಯದ ಅರ್ಧ ಇದು. 1894ರಲ್ಲಿ ಎಮಿಲ್ ಫಿಷರ್ ಕಿಣ್ವವನ್ನು ಬೀಗಕ್ಕೂ ಅದು ಹಿಡಿಯುವ ವಸ್ತುವನ್ನು ಕೀಲಿಕೈಗೂ ಹೋಲಿಸಿದ. ಚೆಂದದ ಹೋಲಿಕೆ, ಆದರೆ ಬೀಗ ಅಲುಗಾಡುವುದಿಲ್ಲ, ಕಿಣ್ವ ಅಲುಗಾಡುತ್ತದೆ. 1958ರಲ್ಲಿ ಕೋಶ್‌ಲ್ಯಾಂಡ್ ಅದನ್ನು ತಿದ್ದಿ, ವಸ್ತು ಬಂದು ಕೂತಾಗ ಕಿಣ್ವವೂ ತನ್ನ ಆಕಾರ ಹೊಂದಿಸಿಕೊಳ್ಳುತ್ತದೆ ಎಂದ. ಸೀಳು ತೆರೆಯಬೇಕು, ಮುಚ್ಚಬೇಕು, ಮುಗಿದ ಮೇಲೆ ಬಿಡಬೇಕು. ಪೂರಾ ಬಿಗಿದು ಕೂತ ಕಿಣ್ವಕ್ಕೆ ಇದು ಕಷ್ಟ. ಅಂಟಾರ್ಕ್ಟಿಕದ ಸಮುದ್ರದ ಬ್ಯಾಕ್ಟೀರಿಯಾಗಳ ಅಮೈಲೇಸ್ ಸಡಿಲವಾಗಿರುತ್ತದೆ, ಚಳಿಯಲ್ಲೂ ಕೆಲಸ ಮಾಡುತ್ತದೆ, ಸ್ವಲ್ಪ ಬಿಸಿಗೇ ಕೈಚೆಲ್ಲುತ್ತದೆ.

ಇನ್ನರ್ಧವನ್ನು ಪುಟ್ಟ ಹೇಳಲಿ. ಮಧ್ಯಾಹ್ನದ ಊಟದ ಹೊತ್ತು.

ಪಿಪೆಟ್_ಪುಟ್ಟ · 12:30

ಮೇಷ್ಟ್ರೇ, ನೀವು ಊಟಕ್ಕೆ ಹೋಗಿ ನನ್ನ ವೈವಾ ಶುರು ಮಾಡಿದ್ರಿ.

ಸರಿ. ಟಿ4 ಅನ್ನೋ ವೈರಸ್‌ನ ಲೈಸೋಜೈಮ್ ಮೇಲೆ ಬ್ರಯನ್ ಮ್ಯಾಥ್ಯೂಸ್ ಗುಂಪು ದಶಕಗಟ್ಟಲೆ ಕೆಲಸ ಮಾಡಿತು. 164 ಅಮೈನೋ ಆಮ್ಲದ ಪುಟ್ಟ ಕಿಣ್ವ. ಒಂದೊಂದನ್ನೇ ಬದಲಿಸಿ, ಎಷ್ಟು ಗಟ್ಟಿ ಆಯ್ತು, ಎಷ್ಟು ಕೆಲಸ ಮಾಡುತ್ತೆ ಅಂತ ಅಳೆದರು. 1995ರಲ್ಲಿ ಬಂದ ಅವರ ಒಂದು ಪ್ರಬಂಧದಲ್ಲಿ ಸೊಗಸಾದ ವಿಷಯ ಇದೆ. ಕತ್ತರಿಸೋ ಜಾಗದಲ್ಲೇ ಇರೋ ಅಮೈನೋ ಆಮ್ಲಗಳನ್ನ ಬದಲಿಸಿದಾಗ ಕೆಲಸ ಕಮ್ಮಿ ಆಯ್ತು ಅಥವಾ ನಿಂತೇ ಹೋಯ್ತು, ಅದು ನಿರೀಕ್ಷಿತ. ಆದ್ರೆ ಕಿಣ್ವ *ಇನ್ನಷ್ಟು ಗಟ್ಟಿ* ಆಯ್ತು. ಯಾಕಂದ್ರೆ ಕೆಲಸ ಮಾಡೋ ಜಾಗ ಅಂದ್ರೇನೇ ಒಂದು ಅಸಮಾಧಾನದ ಜಾಗ. ಒಂದೇ ಚಾರ್ಜಿನವು ಹತ್ತಿರ ಹತ್ತಿರ, ನೀರಿಗೆ ಹೋಗಬೇಕಾದವು ಬಿರುಕಲ್ಲಿ, ಎಣ್ಣೆ ಜಾತಿಯವು ಬಯಲಲ್ಲಿ. ಬರೋ ಅತಿಥಿಗೆ ಅಂತ ಖಾಲಿ ಬಿಟ್ಟ ಕುರ್ಚಿಗಳು. ಆ ಅಸಮಾಧಾನ ತೆಗೆದುಬಿಟ್ರೆ ಮನೆ ನೆಮ್ಮದಿ, ಕೆಲಸ ಬಂದ್.

ಈಗ ಮೇಷ್ಟ್ರು ಹೇಳಿದ ಇನ್ನರ್ಧ. ಫ್ರಾನ್ಸಿಸ್ ಅರ್ನಾಲ್ಡ್ (2018ರ ರಸಾಯನಶಾಸ್ತ್ರ ನೊಬೆಲ್) ಲ್ಯಾಬಲ್ಲಿ ಎಸ್ಟರೇಸ್ ಅನ್ನೋ ಒಂದು ಕಿಣ್ವ ತಗೊಂಡು, ಯದ್ವಾತದ್ವಾ ಬದಲಾವಣೆ ಮಾಡಿ, ಗೆದ್ದವನ್ನ ಆರಿಸಿ, ಮತ್ತೆ ಬದಲಾಯಿಸಿ, ಹೀಗೆ ಕೆಲವು ಸುತ್ತು ಓಡಿಸಿದರು. 1998ರಲ್ಲಿ ಪ್ರಕಟವಾಯ್ತು. ಕರಗೋ ತಾಪಮಾನ, ಅಂದ್ರೆ ಕಿಣ್ವ ಬಿಚ್ಚಿಕೊಳ್ಳೋ ಬಿಸಿ, 14 ಡಿಗ್ರಿಗೂ ಹೆಚ್ಚು ಏರಿತು, ಕಡಿಮೆ ಬಿಸಿಯಲ್ಲಿ ಮಾಡೋ ಕೆಲಸ ಕುಗ್ಗಲಿಲ್ಲ. ಅಂದ್ರೆ ಗಟ್ಟಿತನ ಮತ್ತು ಚುರುಕುತನ ಬದ್ಧವೈರಿಗಳಲ್ಲ. ಎರಡನ್ನೂ ಒಟ್ಟಿಗೆ ಹೆಚ್ಚಿಸೋ ಬದಲಾವಣೆಗಳು ಅಪರೂಪ, ಹುಡುಕಬೇಕು. ಪ್ರಕೃತಿ ಯಾಕೆ ಹುಡುಕಲಿಲ್ಲ ಅಂದ್ರೆ, ಯಾರೂ ಕೇಳಲಿಲ್ಲ. ರಾಗಿ ಗಿಡ 80 ಡಿಗ್ರಿ ಬಿಸಿಲಲ್ಲಿ ಬೆಳೆಯಲ್ಲ.

ಹಾಗಾಗಿ ಸುಮ್ನೆ_ಕೇಳ್ದೆ ಅಣ್ಣ, ಬಗ್ ಅಲ್ಲ. ಬೇಡದ ಫೀಚರ್.

ಪೀಣ್ಯ_ಸೆಕೆಂಡ್_ಶಿಫ್ಟ್ · 2:10

ಮಾರುಕಟ್ಟೆ ಕೇಳುತ್ತೆ ಗುರು. ನಾವು ಕೇಳ್ತೀವಿ.

ವಾಷಿಂಗ್ ಪೌಡರ್ ಫಾರ್ಮುಲೇಷನ್‌ನಲ್ಲಿ ಹದಿನಾರು ವರ್ಷ ಆಯ್ತು ನಂಗೆ. ಪೌಡರಲ್ಲಿ ನೀಲಿನೋ ಹಸಿರೋ ಚುಕ್ಕಿ ಕಾಣುತ್ತಲ್ಲ, ಕೆಲವರು ಅದನ್ನೇ ಕಿಣ್ವ ಅಂದ್ಕೊಂಡಿದಾರೆ. ಬಹಳ ಸಲ ಅದು ಬರೀ ಬಣ್ಣ. ಕಿಣ್ವಾನ ಮೇಣದಂಥ ಹೊದಿಕೆ ಹಾಕಿ ಸಣ್ಣ ಗುಂಡು ಮಾಡಿ ಹಾಕ್ತಾರೆ. ಒಂದು, ಧೂಳು ಮೂಗಿಗೆ ಹೋದ್ರೆ ಕೆಲಸಗಾರರಿಗೆ ಅಲರ್ಜಿ, ಉಬ್ಬಸ. ಇನ್ನೊಂದು, ಡಬ್ಬೀಲಿರೋ ಬ್ಲೀಚು ಅದನ್ನ ತಿಂದ್ಹಾಕುತ್ತೆ.

ಕಲೆ ತೆಗೆಯೋ ಕಿಣ್ವಗಳಲ್ಲಿ ಹಳೇ ಹುಲಿ ಸಬ್ಟಿಲಿಸಿನ್. ಬೆವರು, ರಕ್ತ, ಮೊಟ್ಟೆ, ಸಾರು, ಪ್ರೋಟೀನ್ ಕಲೆ ಯಾವುದಿದ್ರೂ ಕತ್ತರಿಸುತ್ತೆ. ಅದರ ಕತ್ತರಿ 221ನೇ ಜಾಗದ ಸೆರೀನ್. ಹಣೆಬರಹ ನೋಡಿ, ಪಕ್ಕದ್ದೇ 222ನೇದು ಮೆಥಿಯೋನೀನ್, ಅದರಲ್ಲಿ ಗಂಧಕ. ಬ್ಲೀಚ್ ಬಂದ ತಕ್ಷಣ ಆ ಗಂಧಕಕ್ಕೆ ಆಕ್ಸಿಜನ್ ಅಂಟಿ ದಪ್ಪ ಆಗುತ್ತೆ, ಕತ್ತರಿ ಕೂರೋ ಜಾಗ ಕೆಡುತ್ತೆ. ಆಕಾರ ಪೂರ್ತಿ ಹಾಗೇ ಇರುತ್ತೆ, ಕೆಲಸ ಮಾತ್ರ ಇಲ್ಲ! 1980ರ ದಶಕದಲ್ಲಿ ಆ 222ನ್ನ ಬೇರೆ ಅಮೈನೋ ಆಮ್ಲಗಳಿಗೆ ಒಂದೊಂದಾಗಿ ಬದಲಾಯಿಸಿ ನೋಡಿದ್ರು. ಅಲನೀನ್, ಸೆರೀನ್ ಹಾಕಿದವು ಬ್ಲೀಚಿಗೆ ಜಗ್ಗಲಿಲ್ಲ. ಚುರುಕು ಮೂಲದ್ದಕ್ಕಿಂತ ಕಮ್ಮಿ ಆಯ್ತು, ಆದ್ರೆ ಬಕೆಟ್ಟಲ್ಲಿ ಕೊನೆ ತನಕ ಉಳಿಯೋದು ಮುಖ್ಯ. ಓಟದಲ್ಲಿ ಫಸ್ಟ್ ಬರೋನಿಗಿಂತ ಸಂಜೆ ತನಕ ಮೂಟೆ ಹೊರೋನು ಬೇಕು ನಮಗೆ.

ಇನ್ನೊಂದು ಕಷ್ಟ ಕ್ಯಾಲ್ಸಿಯಂ. ಈ ಕಿಣ್ವದ ಮಡಿಕೇನ ಕ್ಯಾಲ್ಸಿಯಂ ಅಯಾನು ಪಿನ್ ಚುಚ್ಚಿದ ಹಾಗೆ ಹಿಡಿದಿರುತ್ತೆ. ನಮ್ಮ ಬೋರ್‌ವೆಲ್ ನೀರಲ್ಲಿ ನೊರೆ ಬರಲಿ ಅಂತ ಪೌಡರಿಗೆ ಕ್ಯಾಲ್ಸಿಯಂ ಹಿಡಿಯೋ ಕೆಮಿಕಲ್ ಹಾಕಿರ್ತೀವಿ. ಅದು ನೀರಿಂದು ಹಿಡಿದು ಸುಮ್ನಿರಲ್ಲ, ಕಿಣ್ವದ ಪಿನ್ನೂ ಕೀಳುತ್ತೆ. ಅದಕ್ಕೆ ವಿಜ್ಞಾನಿಗಳು 75ರಿಂದ 83ರವರೆಗಿನ ತುಂಡನ್ನೇ, ಅಂದ್ರೆ ಕ್ಯಾಲ್ಸಿಯಂ ಕೂರೋ ಕುಣಿಕೇನೇ ಕಿತ್ತುಹಾಕಿ, ಬೇರೆ ಕಡೆ ಬಿಗಿ ಮಾಡಿ, ಕ್ಯಾಲ್ಸಿಯಂ ಬೇಡದ ಸಬ್ಟಿಲಿಸಿನ್ ಮಾಡಿದ್ರು.

ಅಕ್ಕಂದಿರಿಗೆ ಎರಡು ಮಾತು. ಕುದಿಯೋ ನೀರು ಬಕೆಟ್ಟಿಗೆ ಹೊಯ್ದು ಪೌಡರ್ ಹಾಕ್ಬೇಡಿ, ಉಗುರುಬೆಚ್ಚಗೆ ಸಾಕು, ಅರ್ಧ ಗಂಟೆ ನೆನೆಸಿ. ಮತ್ತೆ ರೇಷ್ಮೆ, ಉಣ್ಣೆ ಹಾಕಲೇಬೇಡಿ. ಕಿಣ್ವಕ್ಕೆ ಸಾರಿನ ಕಲೆ ಯಾವುದು, ಮೈಸೂರು ಸಿಲ್ಕ್ ಯಾವುದು ಗೊತ್ತಾಗಲ್ಲ. ಎರಡೂ ಪ್ರೋಟೀನೇ.

ಚಿಕ್ಕಪೇಟೆ_ಸೀರೆ · 2:16

ಈ ಕೊನೆ ಸಾಲನ್ನ ನಮ್ಮ ಅಂಗಡಿ ಬಿಲ್ ಹಿಂದೆ ಅಚ್ಚು ಹಾಕಿಸ್ತೀನಿ. ತಮಾಷೆ ಅಲ್ಲ.

ಕೋಲಾರದ_ಕಾಳು · 3:05

ಅಮೈಲೇಸಿಗೂ ಕ್ಯಾಲ್ಸಿಯಂ ಬೇಕಾ? ಬೋರ್‌ವೆಲ್ ನೀರಲ್ಲಿ ಮಾಡಿದ್ರೆ ಸರಿ ಇನ್ನೂ ತೆಳ್ಳಗಾಗುತ್ತಾ ಹಂಗಾದ್ರೆ?

ಬಸವನಗುಡಿ_ಮೇಷ್ಟ್ರು · 4:20

ಬೇಕು. ಬಾರ್ಲಿಯ ಅಮೈಲೇಸಿನ ರಚನೆಯಲ್ಲಿ ಮೂರು ಕ್ಯಾಲ್ಸಿಯಂ ಅಯಾನುಗಳು ಕೂತಿರುವುದು ಕಾಣುತ್ತದೆ. ತೆಗೆದರೆ ಮಡಿಕೆ ಸಡಿಲ. ಆದರೆ ನೀರು ಬದಲಿಸುವ ಗೋಜು ಬೇಡ, ರಾಗಿಯಲ್ಲೇ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಮ್ ಕ್ಯಾಲ್ಸಿಯಂ ಇದೆ. ಹಲ್ಲು ಬರುವ ಮಗುವಿಗೆ ರಾಗಿ ಕೊಡಿ ಎನ್ನುವುದು ಯಾಕೆಂದುಕೊಂಡಿರಿ?

ಇನ್ನೊಂದು ಸ್ವಾರಸ್ಯ. ಅದೇ ರಾಗಿ ಕಾಳಿನಲ್ಲಿ ಅಮೈಲೇಸನ್ನು ತಡೆಯುವ ಒಂದು ಪುಟ್ಟ ಪ್ರೋಟೀನೂ ಇದೆ. 122 ಅಮೈನೋ ಆಮ್ಲ, ಐದು ಗಂಧಕದ ಹೊಲಿಗೆ. ಹುಳುಗಳ ಅಮೈಲೇಸಿನ ಸೀಳಿನೊಳಗೆ ಬೆಣೆಯಂತೆ ಕೂತು ಬಿಡುತ್ತದೆ. ಅಷ್ಟು ಸಣ್ಣ ದೇಹಕ್ಕೆ ಐದು ಹೊಲಿಗೆ ಎಂದರೆ ಹುಳುವಿನ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುವ ಮಾತೇ ಇಲ್ಲ. ರಾಗಿಯನ್ನು ಕಣಜದಲ್ಲಿ ವರ್ಷಗಟ್ಟಲೆ ಇಟ್ಟರೂ ಹುಳು ಹಿಡಿಯದು ಎನ್ನುತ್ತಾರಲ್ಲ, ಅದರ ಕಾರಣಗಳಲ್ಲಿ ಇದೂ ಒಂದಿರಬೇಕೆಂದು ನನ್ನ ಅನುಮಾನ. ಕಾಳು ತೀರಾ ಸಣ್ಣದು, ಸಿಪ್ಪೆ ಗಡಸು ಎಂಬುದಂತೂ ಇದ್ದೇ ಇದೆ.

ಹನುಮಂತನಗರ_ಹಳಬ · 5:00

ಪ್ರೋಟೀನಿನ ಮಡಿಕೆ ಅಂದಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಹೆಸರು ಬರಲೇಬೇಕು. ಜಿ.ಎನ್. ರಾಮಚಂದ್ರನ್ ತಮ್ಮ ಪ್ರಸಿದ್ಧ ನಕ್ಷೆ ಬರೆದದ್ದು ಇಲ್ಲೇ ಬೆಂಗಳೂರಲ್ಲಿ.

ಪಿಪೆಟ್_ಪುಟ್ಟ · 5:25

ಸಾರ್, ಅಭಿಮಾನ ಸರಿ, ಆದ್ರೆ ನಕ್ಷೆ ಮದರಾಸಿಂದು. 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಬರೆದ ಪ್ರಬಂಧ, ಆಗ ಅವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ರು. ವಿದ್ಯಾರ್ಥಿಯಾಗಿ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಹತ್ತಿರ ಇದ್ದದ್ದು ಅದಕ್ಕೆ ಮೊದಲು, 1940ರ ದಶಕದಲ್ಲಿ. 1970ರ ದಶಕದ ಆರಂಭದಲ್ಲಿ ವಾಪಸ್ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದ್ರು. ಅದು ನಮ್ಮದೇ.

ನಕ್ಷೆಗೂ ಈ ಚರ್ಚೆಗೂ ನೇರ ಸಂಬಂಧ ಇದೆ. ಸರದ ಪ್ರತಿ ಮಣಿಯ ಹತ್ತಿರ ಎರಡು ಕಡೆ ತಿರುಗಬಹುದು. ಆದ್ರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯೋದ್ರಿಂದ ಬಹಳಷ್ಟು ಕೋನಗಳು ನಿಷಿದ್ಧ. ಯಾವ ಕೋನ ಸಾಧ್ಯ, ಯಾವುದು ನಿಷಿದ್ಧ ಅಂತ ತೋರಿಸೋದೇ ಆ ನಕ್ಷೆ. ಗ್ಲೈಸೀನ್ ಅನ್ನೋ ಅಮೈನೋ ಆಮ್ಲ ಸಣ್ಣದು, ಅದಕ್ಕೆ ಸ್ವಾತಂತ್ರ್ಯ ಜಾಸ್ತಿ. ಪ್ರೋಲೀನ್ ತನ್ನ ಕೈಯನ್ನ ತನ್ನ ಬೆನ್ನಿಗೇ ಕಟ್ಟಿಕೊಂಡಿರೋದು, ಸ್ವಾತಂತ್ರ್ಯ ಬಹಳ ಕಮ್ಮಿ. ಮೇಲೆ ಹೇಳಿದ ಜಮಾ–ಖರ್ಚು ನೆನಪಿದ್ಯಾ? ಬಿಚ್ಚಿದ ಸರದ ಸ್ವಾತಂತ್ರ್ಯವೇ ಖರ್ಚು. ಹೊಂದೋ ಜಾಗದಲ್ಲಿ ಗ್ಲೈಸೀನ್ ತೆಗೆದು ಅಲನೀನ್, ಅಲನೀನ್ ತೆಗೆದು ಪ್ರೋಲೀನ್ ಹಾಕಿದ್ರೆ ಬಿಚ್ಚಿದಾಗಲೂ ಓಲಾಡೋಕೆ ಜಾಗ ಕಮ್ಮಿ, ಖರ್ಚು ಕಮ್ಮಿ, ಕಿಣ್ವ ಸ್ವಲ್ಪ ಗಟ್ಟಿ. 1987ರಲ್ಲಿ ಅದೇ ಟಿ4 ಲೈಸೋಜೈಮ್ ಮೇಲೆ ಮ್ಯಾಥ್ಯೂಸ್ ಗುಂಪು ಇದನ್ನ ಮಾಡಿ ತೋರಿಸಿತು.

ಹನುಮಂತನಗರ_ಹಳಬ · 5:31

ತಿದ್ದಿದ್ದಕ್ಕೆ ಧನ್ಯವಾದ. ಅರ್ಧ ಮಾರ್ಕ್ಸ್ ಆದರೂ ಕೊಡಿ.

ರತ್ನಕ್ಕ_ಆರ್‌ಟಿ_ನಗರ · 7:45

ನಾನು ಸುಮ್ಮನೆ ಓದ್ತಾ ಇದ್ದೆ. "ಒಂದೇ ಅಮೈನೋ ಆಮ್ಲ ಬದಲಾದರೆ" ಅನ್ನೋದು ನೋಡಿ ಬರೀಬೇಕು ಅನ್ನಿಸ್ತು. ಮೊಮ್ಮಗ ಹುಟ್ಟಿದಾಗ ರಕ್ತ ಪರೀಕ್ಷೆ ಮಾಡಿ ಜಿ6ಪಿಡಿ ಕಮ್ಮಿ ಇದೆ ಅಂದ್ರು. ಕೆಲವು ಮಾತ್ರೆ ಕೊಡಬೇಡಿ, ಬೀರುವಲ್ಲಿ ನುಸಿಗುಳಿಗೆ ಇಡಬೇಡಿ ಅಂತ ಚೀಟಿ ಕೊಟ್ಟು ಕಳಿಸಿದ್ರು. ಯಾಕೆ ಅಂತ ಕೇಳೋಕೆ ಅವರಿಗೆ ಟೈಮಿರಲಿಲ್ಲ, ನಮಗೆ ಧೈರ್ಯ ಇರಲಿಲ್ಲ. ಈ ಮಾತಿಗೂ ಅದಕ್ಕೂ ಸಂಬಂಧ ಇದೆಯಾ?

ಬಸವನಗುಡಿ_ಮೇಷ್ಟ್ರು · 8:30

ಇದೆ ರತ್ನಮ್ಮನವರೇ, ಬಹಳ ಹತ್ತಿರದ ಸಂಬಂಧ.

ಜಿ6ಪಿಡಿ ಎಂಬ ಕಿಣ್ವ ಕೆಂಪು ರಕ್ತಕಣಕ್ಕೆ ತುಕ್ಕು ಹಿಡಿಯದಂತೆ ಕಾಯುವ ಕಾವಲುಗಾರ. ಬೇರೆ ಜೀವಕೋಶಗಳು ಹಳೆಯ ಕಿಣ್ವ ಕೆಟ್ಟರೆ ಹೊಸದನ್ನು ಮಾಡಿಕೊಳ್ಳುತ್ತವೆ. ಕೆಂಪುಕಣದಲ್ಲಿ ಕೋಶಕೇಂದ್ರವೇ ಇಲ್ಲ, ಹೊಸದು ಮಾಡುವಂತಿಲ್ಲ. ಹುಟ್ಟುವಾಗ ಕಟ್ಟಿಕೊಂಡ ಬುತ್ತಿಯಲ್ಲೇ ಸುಮಾರು 120 ದಿನ ಕಳೆಯಬೇಕು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಗೆಗಳಲ್ಲಿ ಮೆಡಿಟರೇನಿಯನ್ ಎಂಬುದೊಂದು. ಅದರಲ್ಲಿ 188ನೇ ಸ್ಥಾನದ ಸೆರೀನ್ ಹೋಗಿ ಫಿನೈಲ್‌ಅಲನೀನ್ ಬಂದಿರುತ್ತದೆ. ಸಣ್ಣದು ಕೂರುವ ಜಾಗದಲ್ಲಿ ದಪ್ಪನೆಯದು. ಕಿಣ್ವ ತಯಾರಾಗುತ್ತದೆ, ಆದರೆ ಮಡಿಕೆ ನಿಲ್ಲುವುದಿಲ್ಲ, ಬೇಗ ಸವೆಯುತ್ತದೆ. ದಿನನಿತ್ಯ ತೊಂದರೆ ಕಾಣದು. ನುಸಿಗುಳಿಗೆಯ ನ್ಯಾಫ್ತಲೀನ್, ಮಲೇರಿಯಾದ ಪ್ರೈಮಾಕ್ವಿನ್ ಇಂಥವು ಒಳಹೊಕ್ಕಾಗ ಕಾವಲುಗಾರ ಸಾಲದೆ ಕಣಗಳು ಒಡೆಯುತ್ತವೆ. ಚೀಟಿಯನ್ನು ಜೋಪಾನವಾಗಿಡಿ, ಯಾವ ವೈದ್ಯರ ಹತ್ತಿರ ಹೋದರೂ ಮೊದಲು ತೋರಿಸಿ. ಇದನ್ನು ನೋಡಿಕೊಂಡು ನಡೆದರೆ ಮಗು ಎಲ್ಲರಂತೆ ಬೆಳೆಯುತ್ತಾನೆ.

ರತ್ನಕ್ಕ_ಆರ್‌ಟಿ_ನಗರ · 8:41

ನಾಲ್ಕು ವರ್ಷದಿಂದ ಯಾರೂ ಇಷ್ಟು ಹೇಳಿರಲಿಲ್ಲ. ನಿಮಗೆ ಒಳ್ಳೇದಾಗಲಿ.

ಸುಮ್ನೆ_ಕೇಳ್ದೆ · 9:15

ಒಂದು ಕೊನೆ ಪ್ರಶ್ನೆ. ಒಂದು ಸಲ ಬಿಚ್ಚಿಕೊಂಡದ್ದು ವಾಪಸ್ ಮಡಚಿಕೊಳ್ಳಲ್ವಾ? ಸರಿ ಆರಿದ ಮೇಲೆ ಅಮೈಲೇಸ್ ಎದ್ದು ಕೂರಬಹುದಲ್ಲ.

ಪಿಪೆಟ್_ಪುಟ್ಟ · 10:05

ಕೆಲವು ಎದ್ದು ಕೂರ್ತವೆ, ಅದೇ ನಮ್ಮ ಲ್ಯಾಬಿನ ಶಾಪ. ಆರ್‌ಎನ್‌ಎ ಕತ್ತರಿಸೋ ರೈಬೋನ್ಯೂಕ್ಲಿಯೇಸ್ ಎ, 124 ಅಮೈನೋ ಆಮ್ಲ, ನಾಲ್ಕು ಗಂಧಕದ ಹೊಲಿಗೆ. ಕುದಿಸಿ ತಣ್ಣಗೆ ಮಾಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಕೆಲಸಕ್ಕೆ ಬರುತ್ತೆ. ಅಂಥದ್ದೇ ಕಿಣ್ವ ನಮ್ಮ ಕೈಬೆವರಲ್ಲೂ ಇರೋದ್ರಿಂದ ಗ್ಲೌಸ್ ಇಲ್ದೆ ಟ್ಯೂಬ್ ಮುಟ್ಟಿದ್ರೆ ಆರ್‌ಎನ್‌ಎ ಮಾಯ. ಕ್ರಿಶ್ಚಿಯನ್ ಆನ್‌ಫಿನ್ಸನ್ ಇದರ ಹೊಲಿಗೆ ಎಲ್ಲಾ ಬಿಚ್ಚಿ, ಯೂರಿಯಾದಲ್ಲಿ ನೆನೆಸಿ ಪೂರ್ತಿ ಸಡಿಲ ಮಾಡಿ, ಆಮೇಲೆ ಹೊಲಿಗೆ ಬಿಚ್ಚೋ ಕೆಮಿಕಲ್, ಯೂರಿಯಾ ಎರಡನ್ನೂ ತೆಗೆದಾಗ ತಾನಾಗೇ ಸರಿಯಾದ ಹೊಲಿಗೆ ಹಾಕ್ಕೊಂಡು ಮಡಚಿಕೊಳ್ತು. ಆಕಾರದ ಸೂಚನೆ ಎಲ್ಲಾ ಸರದಲ್ಲೇ ಇದೆ ಅಂತ ತೋರಿಸಿದ್ದಕ್ಕೆ 1972ರ ನೊಬೆಲ್.

ದೊಡ್ಡ ಕಿಣ್ವಗಳ ಕಥೆ ಬೇರೆ. ಬಿಚ್ಚಿದಾಗ ಒಳಗಿನ ಎಣ್ಣೆ ಜಾತಿಯವು ಹೊರಗೆ ಬರ್ತವೆ, ಪಕ್ಕದ ಸರದ ಎಣ್ಣೆ ಜಾತಿ ಜೊತೆ ಅಂಟಿಕೊಳ್ತವೆ, ಗೋಜಲು. ಬೆಂದ ಮೊಟ್ಟೆ ಆರಿದ ಮೇಲೆ ಹಸಿ ಆಗಲ್ಲ, ಹಾಗೆ.

ಬಿಸಿ ಒಂದೇ ಅಲ್ಲ, ಚಳಿಯೂ ಕೊಲ್ಲುತ್ತೆ. ನನ್ನ ಮೇಲೇ ಆದದ್ದು. ಒಂದು ದೀರ್ಘ ವಾರಾಂತ್ಯ, ಕರೆಂಟ್ ಹೋಗಿ ಬಂದು ಹೋಗಿ ಬಂದು ಆಯ್ತು, ಜನರೇಟರ್ ಕೈಕೊಟ್ಟಿತು. ಮಂಗಳವಾರ ಬಂದು ನೋಡಿದ್ರೆ ಅರ್ಧ ಗ್ಲಿಸರಾಲ್ ಹಾಕಿ ಇಟ್ಟಿದ್ದ ಕಿಣ್ವಗಳು ಆರಾಮಾಗಿವೆ, ಅವು ಮೈನಸ್ 20ರಲ್ಲೂ ಹೆಪ್ಪುಗಟ್ಟಲ್ಲ. ಆದ್ರೆ ನಾನು ಎರಡು ತಿಂಗಳು ಕೂತು ಶುದ್ಧ ಮಾಡಿದ್ದನ್ನ ಬರೀ ಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ ಇಟ್ಟಿದ್ದೆ. ಆ ದ್ರಾವಣ ಹೆಪ್ಪುಗಟ್ಟುವಾಗ ಒಂದು ಲವಣ ಮೊದಲೇ ಹರಳಾಗಿ, ಉಳಿದ ದ್ರವ ಹುಳಿಯಾಗುತ್ತೆ. ಕರಗಿ ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿ, ಟ್ಯೂಬಿನ ತಳದಲ್ಲಿ ಬಿಳಿ ಚರಟ. ಗೈಡ್ ನೋಡಿ "ಗ್ಲಿಸರಾಲ್ ಹಾಕಿರ್ಲಿಲ್ವಾ?" ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಪೀಣ್ಯ_ಸೆಕೆಂಡ್_ಶಿಫ್ಟ್ · 10:20

ಸಮಾಧಾನ ಮಾಡ್ಕೋ ಮಗಾ. ನಮ್ಮಲ್ಲಿ ಡ್ರಮ್‌ಗಟ್ಟಲೆ ಹೋಗಿದೆ.

ಮಲ್ಲೇಶ್ವರದ_ಮಗಳು · ಭಾನುವಾರ, ಮಧ್ಯಾಹ್ನ 1:50

ಎಲ್ಲರೂ ಇಷ್ಟು ಬರೆದಿದ್ದೀರಿ, ನಾನೂ ಸುಮ್ಮನೆ ಕೂರಲಿಲ್ಲ. ಯಜಮಾನ್ರು ಕಾಫಿಗೆ ಅಂತ ತರಿಸಿದ್ದ ಥರ್ಮಾಮೀಟರ್ ಕಿತ್ಕೊಂಡು ಮೂರು ಪಾತ್ರೆ ಇಟ್ಟೆ.

ಒಂದನೇದು ನನ್ನ ಪದ್ಧತಿ, ಕುದಿನೀರಿಗೆ ಹಿಟ್ಟು. ಗಟ್ಟಿ, ಎಂದಿನ ಹಾಗೆ. ಎರಡನೇದು ಅಮ್ಮನ ಪದ್ಧತಿ. 68ರ ಹತ್ತಿರ ದಪ್ಪ ಆಗೋಕೆ ಶುರುವಾಯ್ತು, ನೋಡ್ತಾ ನೋಡ್ತಾ ಸಡಿಲ ಆಯ್ತು. ಮೂರನೇದು ನನ್ನ ಸ್ವಂತ ತಲೆ. ಮೊಳಕೆ ಕಟ್ಟದ ಮಾಮೂಲಿ ರಾಗಿ ಹಿಟ್ಟಲ್ಲಿ ಗಟ್ಟಿ ಸರಿ ಮಾಡಿ, 65ಕ್ಕೆ ಆರಿಸಿ, ಮೊಳಕೆ ಹಿಟ್ಟು ಒಂದೇ ಒಂದು ಚಮಚ ಹಾಕಿ ಕಲಸಿದೆ. ಐದಾರು ನಿಮಿಷದಲ್ಲಿ ಮಜ್ಜಿಗೆ ಹುಳಿ ಥರ ಆಯ್ತು! ಕೂಗಾಡಿ ಮನೆಯವರನ್ನೆಲ್ಲ ಅಡುಗೆಮನೆಗೆ ಕರೆದೆ.

ಅಮ್ಮನಿಗೆ "65 ಡಿಗ್ರಿ ಅಂತೆ" ಅಂದೆ. "ನಂಗೆ ಡಿಗ್ರಿ ಗೊತ್ತಿಲ್ಲ. ಬೆರಳು ಅದ್ದಿದ್ರೆ 'ಸ್' ಅಂತ ತೆಗೀಬೇಕು, ಆದ್ರೆ ಬೊಬ್ಬೆ ಬರಬಾರದು, ಅಷ್ಟು" ಅಂದ್ರು.

ಬಸವನಗುಡಿ_ಮೇಷ್ಟ್ರು · 2:30

ಭೇಷ್. ಮೂರನೆಯದಕ್ಕೆ ಒಂದು ಎಚ್ಚರಿಕೆ. ಕೊನೆಗೆ ಹಾಕಿದ ಆ ಚಮಚ ಹಸಿ ಹಿಟ್ಟು, ಮೊಳಕೆಯಲ್ಲಿ ಸೂಕ್ಷ್ಮಜೀವಿಗಳು ಇರುತ್ತವೆ. ತೆಳುವಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಿಯೇ ಮಗುವಿಗೆ ಕೊಡಿ. ಕಿಣ್ವದ ಕೆಲಸ ಆಗಲೇ ಮುಗಿದಿರುತ್ತದೆ, ಸತ್ತರೂ ನಷ್ಟವಿಲ್ಲ, ಸರಿ ಮತ್ತೆ ಗಟ್ಟಿಯಾಗುವುದಿಲ್ಲ. ತೆಳ್ಳಗಾಯಿತೆಂದು ಹಿಟ್ಟು ಕಡಿಮೆ ಮಾಡಬೇಡಿ, ಬದಲಿಗೆ ಇನ್ನಷ್ಟು ಹಿಟ್ಟು ಹಾಕಿ. ಅದೇ ಹದಕ್ಕೆ ಹೆಚ್ಚು ಊಟ ಹೊಟ್ಟೆಗೆ ಹೋಗುತ್ತದೆ, ಲಾಭ ಇರುವುದೇ ಅಲ್ಲಿ.

ತಡವಾಗಿ_ಬಂದೆ · ಭಾನುವಾರ, ರಾತ್ರಿ 9:10

ಎಲ್ಲಾ ಓದಿದೆ. ಸಂಬಂಧ ಇದೆಯೋ ಇಲ್ವೋ, ನಿನ್ನೆ ಅನಾನಸ್ ರಾಯ್ತ ಮಾಡಿ ಫ್ರಿಜ್ಜಲ್ಲಿಟ್ಟೆ, ಬೆಳಿಗ್ಗೆ ಕಹಿ ವಿಷ. ಮೊಸರು ಕೆಟ್ಟಿತ್ತಾ?

ಪಿಪೆಟ್_ಪುಟ್ಟ · 9:18

ಮೊಸರಿಂದೇನೂ ತಪ್ಪಿಲ್ಲ. ಅನಾನಸಲ್ಲಿ ಬ್ರೊಮೆಲೇನ್ ಅಂತ ಪ್ರೋಟೀನ್ ಕತ್ತರಿಸೋ ಕಿಣ್ವ ಇದೆ, ಹಾಲಿನ ಪ್ರೋಟೀನ್ ತುಂಡಾದ್ರೆ ಕಹಿ. ಫ್ರಿಜ್ಜು ಅದನ್ನ ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ಮುಂದಿನ ಸಲ ಹೋಳುಗಳನ್ನ ಸಕ್ಕರೆ ನೀರಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಆಮೇಲೆ ಮೊಸರಿಗೆ ಹಾಕಿ.

ತಡವಾಗಿ_ಬಂದೆ · 9:21

ಅದಕ್ಕೇನಾ ಮದುವೆಮನೆ ಅಡುಗೆ ಭಟ್ಟರು ಬೇಯಿಸದೆ ಹಾಕಲ್ಲ ಅನ್ನೋದು!